ಬಾಯಿಗೆ ಬಾರದ ಹೆಸರು

ಒಂಬತ್ತನೆಯ ಕಂತು

"ಓದು," ಎಂದೆ.

ಕನಿಶಾಯ್ ಹಾಳೆಯನ್ನು ಮುಟ್ಟಲಿಲ್ಲ. ತಗ್ಗು ಮೇಜಿನ ಮೇಲೆ ಹಾಳೆಯ ಪಕ್ಕ ಎರಡು ಜೊತೆ ಚಪ್ಪಲಿ ಇಟ್ಟಿದ್ದೆ, ಒಂದು ಅಸಲಿ, ಒಂದು ನಕಲಿ. ನಕಲಿ ಬಂದಿದ್ದ ರಟ್ಟಿನ ಪೆಟ್ಟಿಗೆಯೂ ಅಲ್ಲೇ ಇತ್ತು. ಅದರ ದಾರವನ್ನು ಪಕ್ಕದಲ್ಲಿ ಕತ್ತರಿಸಿ, ಮೇಲಿನ ಗಂಟನ್ನು ಹಾಗೇ ಬಿಟ್ಟಿದ್ದೆ. ಅವಳು ಆ ಗಂಟನ್ನೇ ನೋಡುತ್ತಿದ್ದಳು.

"ಓದೋಕೆ ಬರಲ್ವಾ ನಿಂಗೆ?" ಎಂದಳು ತುರ್ಸುನ್. "ಓದಿದೋಳು ಅಂತ ತಾನೇ ಅಂಗಡಿ ನಿನ್ನ ಕೈಗೆ ಕೊಟ್ಟಿದ್ದು."

ತುರ್ಸುನ್ ಈ ಮನೆಗೆ ಉಣ್ಣೆ ತುಳಿಯಲು ಬರುವ ಹತ್ತು ಹೆಂಗಸರಲ್ಲಿ ಹಿರಿಯಳು. ಆನ್‌ಲೈನ್ ಸಂತೆಯಲ್ಲಿದ್ದ ತಮ್ಮ ಅಂಗಡಿಯನ್ನು ಯಾರೋ ಕಬಳಿಸಿದ್ದಾರೆ, ಅದೇ ಹೆಸರು, ಅದೇ ಫೋಟೋ, ಗಿರಾಕಿಗಳು ಬರೆದ ಅದೇ ನಾಲ್ಕು ಸಾವಿರ ಒಳ್ಳೆಯ ಮಾತುಗಳನ್ನು ಮುಂದಿಟ್ಟುಕೊಂಡು ಕಳಪೆ ಮಾಲು ಮಾರುತ್ತಿದ್ದಾರೆ ಎಂದು ನನ್ನ ಬಾಗಿಲು ತಟ್ಟಿದವಳು ಇವಳೇ. ಮನೆಯ ಯಜಮಾನಿ ಬಾತ್ಮಾ ಅಪಾ ಅಲ್ಲ. ಅಪಾ ಮೊದಲ ದಿನವೇ "ಹೋಗಿದ್ದು ಹೋಯ್ತು, ಬಿಟ್ಬಿಡು ಸಾಯ್ರಾ" ಅಂದಿದ್ದರು. ಸೊಸೆ ಕನಿಶಾಯ್‌ಳನ್ನು ಕಾಪಾಡಲು ಹಾಗನ್ನುತ್ತಿದ್ದಾರೆ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ನಾರಿನ್ ಪಟ್ಟಣದಲ್ಲಿ ಪೊಲೀಸ್ ಕೆಲಸ ಮಾಡಿದವಳು ನಾನು, ಕೆಲವು ಸಂಗತಿಗಳು ನನಗೆ ಬೇಗ ಹೊಳೆಯುತ್ತವೆ. ಅಥವಾ ಹೊಳೆದವು ಅಂದುಕೊಂಡುಬಿಡುತ್ತೇನೆ.

ಬಾತ್ಮಾ ಅಪಾ ಇವತ್ತು ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು.

ಉಣ್ಣೆ ಹಾಸಿ, ಕುದಿನೀರು ಹೊಯ್ದು, ಜೊಂಡಿನ ಚಾಪೆಯಲ್ಲಿ ಸುತ್ತಿ, ಹತ್ತು ಹೆಂಗಸರು ಸಾಲಾಗಿ ನಿಂತು ಸೊಂಟ ಬೀಳುವವರೆಗೆ ತುಳಿದರೆ ಸಿಗುವುದು ಕಿಯಿಜ್. ಅಸಲಿ ಚಪ್ಪಲಿ ಅದರದ್ದು, ಮೂಸಿದರೆ ಕುರಿಯ ವಾಸನೆ. ನಕಲಿಯದ್ದು ಪ್ಲಾಸ್ಟಿಕ್ ನೂಲಿನ ಬಟ್ಟೆ, ಮೂಸಿದರೆ ಗೋಂದು. ಹಿಮ್ಮಡಿಯ ಮೇಲಿನ ಟಗರುಕೊಂಬಿನ ಗುರುತನ್ನು ಮಾತ್ರ ತದ್ವತ್ ಇಳಿಸಿದ್ದರು. ಅದು ಬಾತ್ಮಾ ಅಪಾ ಅವರ ಗಂಡ ಕಣ್ಣು ಕಾಣುತ್ತಿದ್ದಾಗ ಕೈಯಾರೆ ಕತ್ತರಿಸಿ ತೆಗೆದ ನಮೂನೆ. ಅಂಗಡಿಗೂ ಅವರದೇ ಹೆಸರು: ಕಿಯಿಜ್‌ಬಾಯ್. ಮಗುವಿನ ಕಾಲಿಗೆ ಬೊಬ್ಬೆ ಎದ್ದಿತು ಎಂದು ಬರೆದ ತಾಯಂದಿರೆಲ್ಲ ಬೈದದ್ದು ಸತ್ತು ಎರಡು ವರ್ಷವಾದ ಆ ಮನುಷ್ಯನನ್ನು.

ಕನಿಶಾಯ್ ಓದುವಂತೆ ಕಾಣಲಿಲ್ಲ. ನಾನೇ ಓದಿದೆ.

"ಸಲಾಂ ನಮ್ಮ ಅಂಗಡಿ ಫೋನ್ ನಂಬರು ಬದಲಾಯಿಸಬೇಕು ಹೊಸ ನಂಬರು ಕೆಳಗಿದೆ ನಮ್ಮದು ತುಳಿದ ಚಪ್ಪಲಿ ಅಂಗಡಿ ಹಿರಿಯರ ಹೆಸರಿನ ಅಂಗಡಿ ಬೇಗ ಮಾಡಿಕೊಡಿ ದೇವರು ಒಳ್ಳೇದು ಮಾಡಲಿ ಕುಡಿ ಕುಡಿ ಆರಿಹೋಗುತ್ತೆ"

"ಕುಡಿದಾಯ್ತು," ಎಂದಿತು ಮೂಲೆಯಲ್ಲಿ ಉಣ್ಣೆಯ ಚೂರುಗಳನ್ನು ಬಣ್ಣವಾರು ಜೋಡಿಸುತ್ತಿದ್ದ ಮಗು, ತಲೆ ಎತ್ತದೆ. ಬೆರ್ಮೆತ್, ಕನಿಶಾಯ್‌ಳ ಮಗಳು, ಆರು ವರ್ಷ. ಅಷ್ಟು ಬಿಗಿಯಾಗಿದ್ದ ತುರ್ಸುನ್ ಕೂಡ ನಕ್ಕುಬಿಟ್ಟಳು.

ನಾನು ನಗಲಿಲ್ಲ. "ಸಂತೆಯ ಕಚೇರಿಗೆ ಹೋದ ಪತ್ರ ಇದು. ಇದನ್ನ ನೋಡೇ ಅವರು ನಂಬರು ಬದಲಾಯಿಸಿದ್ದು. ನಂಬರು ಬದಲಾಯ್ತು, ಅಂಗಡಿ ಕೈಬಿಟ್ಟು ಹೋಯ್ತು. ಪತ್ರ ಹೋಗಿರೋದು ಅಗೋ, ಆ ಕಿಟಕಿ ಮೇಲಿರೋ ಅಂಗಡಿ ಫೋನಿಂದಲೇ. ಮಂಗಳವಾರ ಮಧ್ಯಾಹ್ನ."

"ಯಾವ ಮಂಗಳವಾರ?" ಎಂದಳು ತುರ್ಸುನ್.

"ನೀವು ಹತ್ತೂ ಜನ ಸಾವಿನ ಮನೆಗೆ ಹೋಗಿದ್ರಲ್ಲ, ಅವತ್ತು."

ತುರ್ಸುನ್ ಬೆರಳು ಮಡಿಚಿದಳು. "ಹಂಗಾದ್ರೆ ಮನೇಲಿದ್ದೋರು ಅತ್ತೆ, ಸೊಸೆ, ಮಗು."

"ಅತ್ತೆಗೆ ಫೋನ್ ಬಂದ್ರೆ ಹಸಿರು ಗುಂಡಿ ಯಾವುದು ಅಂತ ಸೊಸೇನೇ ತೋರಿಸ್ಬೇಕು."

"ಅದು ಸರಿ. ಆ ಕೊನೇ ಮಾತೇನು, ಕುಡಿ ಕುಡಿ ಅಂತ?"

"ಮಗೂಗೆ ಚಹಾ ಕುಡಿಸ್ತಾ ಫೋನಿಗೆ ಬಾಯಲ್ಲಿ ಹೇಳಿದಾಳೆ. ಕಿವಿಗೆ ಬಿದ್ದಿದ್ದನ್ನೆಲ್ಲ ಫೋನು ಬರ್ಕೊಂಡಿದೆ. ಅದಕ್ಕೇ ಒಂದು ಚುಕ್ಕೆ ಕೂಡ ಇಲ್ಲ."

ಕನಿಶಾಯ್ ಇನ್ನೂ ಗಂಟನ್ನು ಬಿಟ್ಟು ಕಣ್ಣು ಕದಲಿಸಿರಲಿಲ್ಲ. ಕುರಿಮರಿಗಳನ್ನು ಹಾಲು ಕರೆಯುವ ಹೊತ್ತಿಗೆ ಸಾಲಾಗಿ ಕಟ್ಟುತ್ತಾರಲ್ಲ, ಎಷ್ಟು ಎಳೆದರೂ ಬಿಗಿಯದ, ಒಂದೇ ಬೆರಳಿಗೆ ಬಿಚ್ಚಿಕೊಳ್ಳುವ ಗಂಟು, ಅದೇ ಇದು, ಒಂದು ಸುತ್ತು ಮಾತ್ರ ಹೆಚ್ಚು. ಕಿಯಿಜ್‌ಬಾಯ್ ಇದ್ದಾಗ ಪೆಟ್ಟಿಗೆಗಳಿಗೆಲ್ಲ ಇದನ್ನೇ ಹಾಕುತ್ತಿದ್ದರು. ಗುರುತು, ಫೋಟೋ, ಕೊನೆಗೆ ಗಂಟನ್ನೂ ಕಳ್ಳರಿಗೆ ಕಲಿಸಿಕೊಟ್ಟಿದ್ದಾಳಲ್ಲ ಎಂದು ನನಗೆ ಮೈ ಉರಿದಿತ್ತು.

"ಈಗ ಹೇಳು ತುರ್ಸುನ್ ಎಜೆ," ಎಂದೆ. ಅಕ್ಕನಂಥವರನ್ನು ನಮ್ಮಲ್ಲಿ ಎಜೆ ಎನ್ನುತ್ತಾರೆ. "ಹೊರಗಿನ ಕಳ್ಳ ಆಗಿದ್ರೆ ಏನಂತಿದ್ದ? ಕಿಯಿಜ್ ಚಪ್ಪಲಿ ಅಂತಿದ್ದ. ಅಂಗಡಿ ಹೆಸರು ಕಿಯಿಜ್‌ಬಾಯ್ ಅಂತಿದ್ದ. ಈ ಪತ್ರದಲ್ಲಿ ಆ ಎರಡೂ ಇಲ್ಲ. ತುಳಿದ ಚಪ್ಪಲಿಯಂತೆ. ಹಿರಿಯರ ಹೆಸರಂತೆ."

ತುರ್ಸುನ್ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನಿಧಾನವಾಗಿ ಕೆಳಗಿಟ್ಟಳು.

ಮಾವನ ಹೆಸರನ್ನು ಸೊಸೆ ಆಡುವಂತಿಲ್ಲ. ಹೆಸರಷ್ಟೇ ಅಲ್ಲ, ಅದರೊಳಗಿರುವ ಪದವನ್ನೂ ಆಡುವಂತಿಲ್ಲ. ಕಿಯಿಜ್ ಮಾಡುವ ಮನೆಗೆ, ಕಿಯಿಜ್‌ಬಾಯ್ ಎಂಬ ಮಾವನಿಗೆ ಸೊಸೆಯಾಗಿ ಬಂದವಳ ಪಾಡು ಕೇಳಬೇಕೇ. ಎಂಟು ವರ್ಷದಿಂದ ಕನಿಶಾಯ್ ಅದನ್ನು 'ತುಳಿದದ್ದು' ಎನ್ನುತ್ತಾಳೆ. ಕೊಚ್ಕೋರ್ ಪೇಟೆಯಲ್ಲಿ ಅದನ್ನು ಆಡಿಕೊಂಡು ನಗದವರಿಲ್ಲ.

"ಯಾರ ಮನೆಗೂ ಸೊಸೆಯಾಗದೆ ಉಳಿದೋಳು ನೀನು," ಎಂದಳು ತುರ್ಸುನ್. "ನಿಂಗೆ ಇದು ಹೊಳೀತಲ್ಲ, ಮೆಚ್ಚಿದೆ."

"ಅಂಗಡೀನೇ ಕದ್ದುಕೊಟ್ಟವಳಿಗೆ ಆ ಒಂದು ಹೆಸರು ಮಾತ್ರ ಬಾಯಿಗೆ ಬರ್ಲಿಲ್ಲ," ಎಂದೆ. ನನ್ನ ದನಿಯಲ್ಲಿ ಜಂಬವಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಜಂಬದಲ್ಲೇ ನಾನು ಬೆಳಿಗ್ಗೆ ಒಂಬತ್ತಕ್ಕೆ ಸಂತೆಯ ಕಚೇರಿಗೆ ವರದಿ ಕಳಿಸಿಬಿಟ್ಟು ಇಲ್ಲಿಗೆ ಬಂದಿದ್ದೆ. ಅಂಗಡಿ ಯಾರ ಕೈಯಿಂದ ಹೋಯಿತೆಂದು ಶುಕ್ರವಾರ ಮಧ್ಯಾಹ್ನದೊಳಗೆ ಬರೆದುಕೊಡದಿದ್ದರೆ ಅದು ಹೊಸಬರದ್ದೇ ಆಗಿಬಿಡುತ್ತದೆ ಎಂದು ಕಚೇರಿಯವರು ಹೇಳಿದ್ದರು. ಇವತ್ತು ಗುರುವಾರ. ವರದಿಯಲ್ಲಿ ಕನಿಶಾಯ್‌ಳ ಹೆಸರಿತ್ತು.

"ಒಂದೇ ಮಾತು ಸಾಕು," ಎಂದು ಅಸಲಿ ಚಪ್ಪಲಿಯನ್ನು ಅವಳ ಮುಂದೆ ಸರಿಸಿದೆ. "ಇದು ಯಾವುದರದ್ದು, ಹೇಳಿಬಿಡು. ನಿನ್ನ ಬಾಯಿಂದ ಆ ಪದ ಬಂದ್ರೆ ಈ ಹಾಳೇನ ನಾನೇ ಒಲೆಗೆ ಹಾಕ್ತೀನಿ."

ಕನಿಶಾಯ್ ಆಗ ಹಾಳೆಯನ್ನು ತೆಗೆದುಕೊಂಡಳು. ಮೊದಲಿನಿಂದ ಕೊನೆಯವರೆಗೆ ಓದಿದಳು. ಕೊನೆಯ ಸಾಲಿನಲ್ಲಿ ಅವಳ ಕಣ್ಣು ನಿಂತಿತು. ಬಾಗಿಲ ಕಡೆ, ಅತ್ತೆಯ ಕಡೆ ಒಮ್ಮೆ ನೋಡಿದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

"ನಾನೇ ಬರೆದಿದ್ದು, ಎಜೆ," ಎಂದಳು.

ಕೇಸು ಗೆದ್ದಾಗ ಆಗಬೇಕಾದ ಖುಷಿ ನನಗೆ ಆಗಲಿಲ್ಲ. ಇವಳ ಗಂಡ ಜೋಮಾರ್ತ್ ಮಾಸ್ಕೋದ ಯಾವುದೋ ಗೋದಾಮಿನ ಕೆಲಸಕ್ಕೆಂದು ಹೋಗಿ ಏಳು ತಿಂಗಳಿಂದ ಸುದ್ದಿಯಿಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲ. ಈ ಮನೆ, ಈ ಮಗು, ಇವೆರಡು ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ, ಅವೆರಡನ್ನೂ ಅವಳು ಈಗ ಮೂರು ಮಾತಿನಲ್ಲಿ ಕಳೆದುಕೊಂಡಿದ್ದಳು.

"ಯಾಕೆ?" ಎಂದಳು ತುರ್ಸುನ್. ಅವಳ ಜೋರು ಬಾಯಿ ಎಲ್ಲೋ ಹೋಗಿತ್ತು. "ನಾವು ನಿಂಗೇನು ಮಾಡಿದ್ವೇ? ನನ್ನ ಕಾಲು ನೋಡು, ಬಿಸಿನೀರಲ್ಲಿ ಬೆಂದು ಬೆಂದು ಹೇಗಾಗಿದೆ. ನಿನ್ನ ಮಾವ ಇದೇ ಕಾಲಿಗೆ ಮುಲಾಮು ತಂದುಕೊಡ್ತಿದ್ದ. ಆ ಪುಣ್ಯಾತ್ಮನ ಹೆಸರಿಗೆ ಯಾರ್ಯಾರೋ ಉಗೀತಿದಾರಲ್ಲ, ನಿಂಗೆ ನಿದ್ದೆ ಹೇಗೆ ಬರುತ್ತೆ?"

ಕನಿಶಾಯ್ ಅಭ್ಯಾಸಬಲದಿಂದ ಕೆಟಲಿಗೆ ಕೈಚಾಚಿದಳು. ಹಿರಿಯರ ಬಟ್ಟಲು ಬರಿದಾಗಿದ್ದರೆ ತುಂಬುವುದು ಸೊಸೆಯ ಕೆಲಸ. ಅರ್ಧ ಬಟ್ಟಲು ಹೊಯ್ಯಬೇಕು, ಇನ್ನೂ ಕೂತಿರಿ, ಮತ್ತೆ ಹೊಯ್ಯುತ್ತೇನೆ ಎಂದು ಅದರರ್ಥ.

ಬಾತ್ಮಾ ಅಪಾ ಎದ್ದು ಬಂದರು. ಅವಳ ಕೈಯಿಂದ ಕೆಟಲನ್ನು ತೆಗೆದುಕೊಂಡರು. ಅವಳ ಬಟ್ಟಲನ್ನೇ ಮುಂದಕ್ಕೆ ಎಳೆದು ಹೊಯ್ದರು. ಅರ್ಧಕ್ಕೆ ನಿಲ್ಲಿಸಲಿಲ್ಲ. ಚಹಾ ಅಂಚಿಗೆ ಬಂತು, ಅಂಚು ಮೀರಿ ಮೇಜಿನ ಬಟ್ಟೆಯ ಮೇಲೆ ಒಂದಿಷ್ಟು ಚೆಲ್ಲಿತು.

ತುರ್ಸುನ್ ಮುಖ ತಿರುಗಿಸಿಕೊಂಡಳು. ತುಂಬಿದ ಬಟ್ಟಲು ಇಟ್ಟರೆ ಎದ್ದು ಹೋಗಬೇಕು. ಬೇಡದ ನೆಂಟರಿಗೂ ನಮ್ಮಲ್ಲಿ ಅದನ್ನು ಇಡಲು ಹಿಂಜರಿಯುತ್ತಾರೆ.

"ಅಪಾ," ಎಂದಳು ಕನಿಶಾಯ್, ಉಸಿರಿನಷ್ಟೇ ದನಿಯಲ್ಲಿ.

"ನಿನ್ನ ಬಟ್ಟೆ ತಗೋ," ಎಂದರು ಬಾತ್ಮಾ ಅಪಾ. ಸೊಸೆಯ ಮುಖ ನೋಡದೆ, ಚೆಲ್ಲಿದ ಚಹಾ ನೋಡುತ್ತಾ ಹೇಳಿದರು. "ಹುಡುಗಿ ಇಲ್ಲೇ ಇರ್ಲಿ. ನನ್ನ ಮಗನ ಕೂಸು ಅದು."

ಮೂಲೆಯಲ್ಲಿ ಬೆರ್ಮೆತ್ ಉಣ್ಣೆ ಜೋಡಿಸುವುದನ್ನು ನಿಲ್ಲಿಸಿತ್ತು.

ಕನಿಶಾಯ್ ತುಂಬಿದ ಬಟ್ಟಲನ್ನು ನೋಡಿದಳು. ಆಮೇಲೆ ನಾನು ಮುಂದೆ ಸರಿಸಿದ್ದ ಚಪ್ಪಲಿಯ ಮೇಲೆ ಕೈಯಿಟ್ಟಳು.

"ಕಿಯಿಜ್," ಎಂದಳು.

ತುರ್ಸುನ್ ತಟ್ಟನೆ ತಿರುಗಿದಳು.

"ಇದು ಕಿಯಿಜ್ ಚಪ್ಪಲಿ. ಅಂಗಡಿ ಕಿಯಿಜ್‌ಬಾಯ್‌ದು. ನಮ್ಮ ಮಾವ ಕಿಯಿಜ್‌ಬಾಯ್." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. "ಇನ್ನೂ ಎಷ್ಟು ಸಲ ಹೇಳ್ಲಿ ಎಜೆ?"

"ನಿನ್ನ ನಾಲಿಗೆ ಬಿದ್ದುಹೋಗ," ಎಂದಳು ತುರ್ಸುನ್, ಆದರೆ ಬೈಗುಳದಲ್ಲಿ ಜೀವವಿರಲಿಲ್ಲ.

"ಬಿದ್ದು ಹೋಗಲ್ಲ. ಅವರೇ ಹೇಳಿಸಿದ್ದು. ಕಣ್ಣು ಹೋದಮೇಲೆ ಹಾಸಿಗೆ ಹಿಡಿದ್ರಲ್ಲ, ನೀವೆಲ್ಲ ಅಂಗಳದಲ್ಲಿ ತುಳೀತಿರುವಾಗ ನಾನು ಒಳಗೆ ಗಂಜಿ ಕುಡಿಸ್ತಿದ್ದೆ. ಒಂದಿನ ಅಂದ್ರು, ಅಮ್ಮ ಹೋದಳು, ಅಣ್ಣಂದಿರು ಹೋದ್ರು, ನನ್ನ ಹೆಸರು ಹಿಡಿದು ಕರೆಯೋರು ಈ ಮನೇಲಿ ಯಾರೂ ಉಳಿದಿಲ್ಲ ಮಗಳೆ, ನೀನು ಕರಿ. ಕತ್ತಲಲ್ಲಿ ನಾನು ಯಾರು ಅಂತಲೇ ಮರೆತುಹೋಗ್ತಿದೆ ಅಂದ್ರು." ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. "ಮೊದಲು ನನ್ನಿಂದ ಆಗ್ಲಿಲ್ಲ. ಆಮೇಲೆ ದಿನಾ ಕರೆದೆ. ಒಂದೊಂದು ಚಮಚಕ್ಕೂ ಒಂದೊಂದು ಸಲ. ಕಿಯಿಜ್‌ಬಾಯ್, ಬಾಯಿ ತೆಗೀರಿ. ಕಿಯಿಜ್‌ಬಾಯ್, ನುಂಗಿ. ನಗೋರು."

ತುರ್ಸುನ್ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡಳು.

"ಹೊರಗೆ ತುಳಿದದ್ದು ಅಂತಲೇ ಅಂತಿದ್ದೆ. ಅಪಾಗೆ ನೋವಾಗ್ಬಾರದು ಅಂತ. ಇನ್ನೊಂದು ಕೇಳಿ ಎಜೆ. ಆರು ವರ್ಷದಿಂದ ಆ ಅಂಗಡಿ ನೋಡ್ಕೊಂಡಿದೀನಿ. ಸಂತೆಯೋರಿಗೆ ನಾನು ಯಾವಾಗ್ಲಾದ್ರೂ ನಮ್ಮ ಭಾಷೇಲಿ ಬರೆದಿದೀನಾ? ಎಲ್ಲ ರಷ್ಯನ್‌ನಲ್ಲೇ. ಒಳಗೆ ಹಳೇದೆಲ್ಲ ಇದೆ, ತೆಗೆದು ನೋಡಿ."

ನೋಡಬೇಕಾಗಿರಲಿಲ್ಲ. ಅವಳು ರಷ್ಯನ್‌ನಲ್ಲಿ ಗಿರಾಕಿಗಳಿಗೆ ಬರೆದ ನೂರಾರು ಉತ್ತರಗಳನ್ನು ನಾನೇ ಈ ಮೂರು ವಾರ ಓದಿದ್ದೆ. ಚುಕ್ಕೆ, ಅಲ್ಪವಿರಾಮ ಎಲ್ಲ ಇದ್ದವು.

ಹೆಂಡತಿಯೂ ಗಂಡನ ಹೆಸರು ಆಡುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ, ನನ್ನ ತಾಯಿ ಸಾಯುವವರೆಗೂ ನನ್ನ ತಂದೆಯನ್ನು 'ಇವರು' ಅಂದವಳೇ. ಆದರೆ ಸೊಸೆಯ ತುಳಿದದ್ದನ್ನು ಎಲ್ಲರೂ ಆಡಿಕೊಂಡು ನಕ್ಕರು, ನಲವತ್ತೊಂದು ವರ್ಷದಿಂದ ಅದೇ ಮಾತನ್ನು ಆಡುತ್ತಿದ್ದ ಅತ್ತೆಯ ಬಾಯನ್ನು ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ. ಮಗು 'ಕುಡಿದಾಯ್ತು' ಅಂದದ್ದು ತಾಯಿಗೆ ಎಂದುಕೊಂಡಿದ್ದೆ.

"ಬೆರ್ಮೆತ್," ಎಂದೆ. "ಕುಡಿ, ಆರಿಹೋಗುತ್ತೆ ಅಂತ ನಿಂಗೆ ಯಾರು ಹೇಳೋದು ಪುಟ್ಟಿ?"

"ಅಜ್ಜಿ," ಎಂದಿತು ಮಗು.

ಬಾತ್ಮಾ ಅಪಾ ಕೆಟಲನ್ನು ಕೆಳಗಿಡಲು ಹೋದರು. ಅದು ಮೇಜಿನ ಅಂಚಿಗೆ ತಾಗಿತು. ಕನಿಶಾಯ್ ಕೈಚಾಚಿ ಹಿಡಿದುಕೊಂಡಳು, ಹಿಡಿದು ಅತ್ತೆಯನ್ನು ಮೆಲ್ಲನೆ ಕೂರಿಸಿದಳು. ತನ್ನನ್ನು ಹೊರಗೆ ಹಾಕಿದವಳ ಬೆನ್ನಿನ ಹಿಂದೆ ದಿಂಬು ಇಟ್ಟಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಕಿಟಕಿಯ ಕಡೆ ತಿರುಗಿದೆ.

"ನಾನು ಸುಮ್ನೆ ಇದ್ದುಬಿಡ್ತಿದ್ದೆ ಅಪಾ," ಎಂದಳು ಅವಳು. "ಪತ್ರದ ಕೊನೇ ಸಾಲು ನೋಡಿದ ತಕ್ಷಣ ಗೊತ್ತಾಯ್ತು. ಏನೋ ಕಾರಣ ಇರುತ್ತೆ ಅಂತ ನನ್ನ ಮೇಲೇ ಹಾಕ್ಕೊಂಡೆ. ಆದ್ರೆ ಬೆರ್ಮೆತ್‌ನ ಬಿಟ್ಟು ಹೋಗು ಅಂದ್ರಲ್ಲ. ಅದು ನನ್ನ ಕೈಲಾಗಲ್ಲ."

ಬಾತ್ಮಾ ಅಪಾ ಬಾಯಿ ತೆರೆದರು.

"ಒಂದು ಫೋನ್ ಬಂತು," ಎಂದರು. "ನಮ್ಮ ಮಾತೇ ಆಡ್ತಿದ್ದ ಯಾರೋ ಒಬ್ಬ. ನಿಮ್ಮ ಮಗನ ಪಾಸ್‌ಪೋರ್ಟು ನಮ್ಮ ಹತ್ರ ಇದೆ, ಮಗನೂ ನಮ್ಮ ಹತ್ರ ಇದಾನೆ ಅಂದ. ನಾನು ನಂಬ್ಲಿಲ್ಲ. ನಾಲ್ಕು ದಿನಕ್ಕೆ ಒಂದು ಪೆಟ್ಟಿಗೆ ಬಂತು. ಒಳಗೆ ಏನೂ ಇಲ್ಲ."

ಅವರು ಮೇಜಿನ ಮೇಲಿನ ಪೆಟ್ಟಿಗೆಯ ದಾರವನ್ನು ಬೆರಳಿನಿಂದ ಮುಟ್ಟಿದರು.

"ಮೇಲೆ ಈ ಗಂಟು ಇತ್ತು. ಇದು ಹೆಂಗಸರ ಕೈಗೆ ಬರೋದಲ್ಲ ಸಾಯ್ರಾ. ಅಷ್ಟು ವರ್ಷ ನೋಡಿದೋಳು, ನಂಗೇ ಬರಲ್ಲ. ಆ ಹೆಚ್ಚಿನ ಸುತ್ತು ಅಪ್ಪ ಮಗನಿಗೆ ಕಲಿಸಿದ್ದು. ಮೂರನೆಯವರಿಗೆ ಗೊತ್ತಿಲ್ಲ."

ಕನಿಶಾಯ್ ಗಂಟನ್ನೇ ಯಾಕೆ ನೋಡುತ್ತಿದ್ದಳೆಂದು ನನಗೆ ಆಗ ಅರ್ಥವಾಯಿತು. ಅವಳು ಅಪರಾಧಿಯ ಹಾಗೆ ತಲೆ ತಗ್ಗಿಸಿ ಕೂತಿರಲಿಲ್ಲ. ಗಂಡನ ಕೈಕೆಲಸವನ್ನು ಗುರುತು ಹಿಡಿಯುತ್ತಿದ್ದಳು.

"ಜೋಮಾರ್ತ್ ಬದುಕಿದಾನಾ?" ಎಂದಳು ತುರ್ಸುನ್.

"ನಕಲಿ ಮಾಲಿಗೆ ದಾರ ಕಟ್ತಿದಾನೆ. ಅವನ ಅಪ್ಪನ ಹೆಸರಿನ ಪೆಟ್ಟಿಗೆಗೆ." ಬಾತ್ಮಾ ಅಪಾ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅಂಗಡಿ ಕೊಡು, ಬಾಯಿ ಮುಚ್ಕೊಂಡಿರು, ಶುಕ್ರವಾರ ಅಂಗಡಿ ಪೂರ್ತಿ ನಮ್ಮದಾಗುತ್ತೆ, ಅವತ್ತೇ ಅವನನ್ನ ವಿಮಾನ ಹತ್ತಿಸ್ತೀವಿ ಅಂದ್ರು. ಅದಕ್ಕೆ ಮೊದಲು ಅಂಗಡಿಗೆ ಏನಾದ್ರೂ ಆದ್ರೆ ಹೆಣಾನೂ ಸಿಗಲ್ಲ ಅಂದ್ರು. ನಾನೇನು ಮಾಡ್ಲಿ ಮಗಳೆ? ಗಂಡನ ಹೆಸರು ಮಣ್ಣಾದ್ರೂ ಆಗ್ಲಿ, ಮಗ ಬರ್ಲಿ ಅಂದ್ಕೊಂಡೆ. ನೀನು ಅಂಗಳಕ್ಕೆ ಹೋದಾಗ ಬೆರ್ಮೆತ್ ಕೈಲಿ ಗುಂಡಿ ಒತ್ತಿಸಿ, ಅವರು ಹೇಳಿಕೊಟ್ಟಿದ್ದನ್ನ ಫೋನಿಗೆ ಹೇಳಿದೆ. ನೀನು ಹೋದ್ರೆ ನಾಳೆ ಅವನು ಬಂದಮೇಲೆ ಕಾಲು ಹಿಡಿದು ಕರ್ಕೊಂಡು ಬರೋಣ ಅಂದ್ಕೊಂಡೆ. ಇನ್ನೊಂದೇ ದಿನ ಅಲ್ವಾ, ಒಂದು ದಿನ ಯಾರೂ ಏನೂ ಬರೀದೆ ಇದ್ರೆ ಸಾಕು ಅಂದ್ಕೊಂಡೆ."

ನಾನು ತಲೆ ಎತ್ತಿದೆ. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

"ಅಪಾ," ಎಂದೆ. "ನಾನು ಬೆಳಿಗ್ಗೆ ವರದಿ ಕಳಿಸಿಬಿಟ್ಟಿದೀನಿ."

ಅವರು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನ್ನಿಂದಾಗುವುದಿಲ್ಲ. ಕಚೇರಿಗೆ ಫೋನು ಮಾಡಿ ತಡೆಯಬೇಕೆಂದು ನಾನು ಚೀಲಕ್ಕೆ ಕೈಹಾಕಿದೆ. ನನ್ನ ಫೋನಿನ ಮೇಲೆ ಆಗಲೇ ಒಂದು ಸಾಲು ಬಂದು ಕೂತಿತ್ತು. ನಿಮ್ಮ ವರದಿಯ ಆಧಾರದ ಮೇಲೆ 'ಕಿಯಿಜ್‌ಬಾಯ್' ಅಂಗಡಿಗೆ ಬೀಗ ಹಾಕಲಾಗಿದೆ. ಸಮಯ ಹತ್ತೂ ನಲವತ್ತು.

ಕಿಟಕಿಯ ಮೇಲಿದ್ದ ಅಂಗಡಿಯ ಫೋನು ಹೊಡೆದುಕೊಳ್ಳತೊಡಗಿತು.

ರಷ್ಯದ ನಂಬರು. ಬಾತ್ಮಾ ಅಪಾ ಏಳಲು ಮೇಜಿನ ಅಂಚು ಹಿಡಿದರು. ತುರ್ಸುನ್ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಕನಿಶಾಯ್ ಹೋಗಿ ಹಸಿರು ಗುಂಡಿ ಒತ್ತಿದಳು, ಎಲ್ಲರಿಗೂ ಕೇಳುವಂತೆ ಮಾಡಿದಳು.

ಆ ಕಡೆ ಯಾರೂ ಮಾತಾಡಲಿಲ್ಲ. ದೊಡ್ಡ ಕೋಣೆಯೊಂದರ ಸದ್ದು, ಅಂಟುಪಟ್ಟಿಯನ್ನು ಪರ್ರನೆ ಎಳೆದು ಹರಿಯುವ ಸದ್ದು, ಮತ್ತೆ ಮತ್ತೆ.

ಅವಳು ಗಂಡನ ಹೆಸರನ್ನೂ ಈ ಎಂಟು ವರ್ಷದಲ್ಲಿ ಯಾರ ಎದುರೂ ಆಡಿದವಳಲ್ಲ.

"ಜೋಮಾರ್ತ್," ಎಂದಳು. "ಜೋಮಾರ್ತ್, ನಾನು."

ಅಂಟುಪಟ್ಟಿಯ ಸದ್ದು ನಿಂತಿತು. ಯಾರೋ ಉಸಿರೆಳೆದುಕೊಂಡರು. ಆಮೇಲೆ ಬೇರೊಬ್ಬ ಗಂಡಸಿನ ದನಿ, ಅವಸರವಿಲ್ಲದ, ನಮ್ಮದೇ ಮಾತಿನ ದನಿ ಬಂತು.

"ಅಂಗಡಿಗೆ ಬೀಗ ಹಾಕಿಸಿದ್ದು ಯಾರು?"

ಕನಿಶಾಯ್ ಸುತ್ತ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಫೋನನ್ನು ನನ್ನ ಕೈಯಲ್ಲಿಟ್ಟಳು.